ಲೆಗೋ ಪೆಟ್ಟಿಗೆ ಕೂಡಿಟ್ಟು ಲಾಭ ಮಾಡಹೊರಟವರು ಹಣ ಹಾಕುವ ಮೊದಲು ಓದಿ

ಕಾಸರಗೋಡು ಜಿಲ್ಲೆಯ ಕುಂಬಳೆ, ಉಪ್ಪಳ, ಮಂಜೇಶ್ವರ, ಬದಿಯಡ್ಕ ಕಡೆಯ ಹುಡುಗರಲ್ಲಿ ಈ ವ್ಯಾಪಾರದ ಮಾತು ಹೆಚ್ಚಾಗುತ್ತಿದೆ. ದುಬೈಯಲ್ಲಿರುವ ಅಣ್ಣನೋ ಭಾವನೋ ಆಫರ್ ಇದ್ದಾಗ ಲೆಗೋ ಸೆಟ್ (ಪುಟ್ಟ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಜೋಡಿಸಿ ಕಟ್ಟುವ ಆಟಿಕೆ) ಕೊಂಡು ಊರಿಗೆ ಬರುವಾಗ ತರುತ್ತಾರೆ. ಸೀಲ್ ಒಡೆಯದೆ ಎರಡು ಮೂರು ವರ್ಷ ಇಡುವುದು, ಕಂಪನಿ ಆ ಸೆಟ್ಟಿನ ತಯಾರಿ ನಿಲ್ಲಿಸಿದ ಮೇಲೆ ದುಪ್ಪಟ್ಟಿಗೆ ಮಾರುವುದು, ಇದು ಯೋಜನೆ. ಹೊಸ ಅಡಿಕೆಗಿಂತ ಹಳೆ ಅಡಿಕೆಗೆ ದರ ಹೆಚ್ಚು ಎಂಬುದನ್ನು ನೋಡುತ್ತಲೇ ಬೆಳೆದ ನಮ್ಮವರಿಗೆ ಈ ಲೆಕ್ಕ ಬೇಗ ಹಿಡಿಸುತ್ತದೆ. ಆದರೆ ಅಡಿಕೆಗೆ ಪೇಟೆಯಲ್ಲೇ ಅಂಗಡಿ ಇದೆ, ಚೀಲ ಇಳಿಸಿದ ದಿನವೇ ಹಣ ಎಣಿಸಿಕೊಳ್ಳಬಹುದು. ಈ ಪೆಟ್ಟಿಗೆಗಳಿಗೆ ಇಲ್ಲಿ ಕೊಳ್ಳುವವರೇ ಇಲ್ಲ. ಬೆಲೆ ಏರುವುದು ಸುಳ್ಳಲ್ಲ. ಏರಿದ ಬೆಲೆ ಕಾಸರಗೋಡಿನಲ್ಲಿ ಕೂತವರ ಕೈಗೆ ಬರುವುದಿಲ್ಲ ಎಂಬುದೇ ಸಂಗತಿ.

ಬದಿಯಡ್ಕ ಹತ್ತಿರದ ಒಂದು ಮನೆಯಲ್ಲಿ ಅಣ್ಣ ತಮ್ಮಂದಿರು ಸೇರಿ ಸುಮಾರು ಎರಡು ಲಕ್ಷ ರೂಪಾಯಿ ಇದಕ್ಕೆ ಹಾಕಿದ್ದರು. ಒಂದಿಷ್ಟು ಮಾಲು ವಿಮಾನ ನಿಲ್ದಾಣದಲ್ಲೇ ನಿಂತಿತು, ಒಂದಿಷ್ಟು ಮಳೆಗಾಲದಲ್ಲಿ ಹಾಳಾಯಿತು, ಎಲ್ಲಕ್ಕಿಂತ ದುಬಾರಿಯ ಪೆಟ್ಟಿಗೆಯನ್ನು ಕೊಂಡ ಗಿರಾಕಿ ಒಳಗಿನದನ್ನು ತೆಗೆದು ವಾಪಸ್ ಕಳಿಸಿದ. ಅವರ ಅಸಲೇ ಅರ್ಧಕ್ಕರ್ಧ ಹೋಗಿದೆ. ಎಲ್ಲಿ ಹೋಯಿತು, ಯಾಕೆ ಹೋಯಿತು ಎಂದು ಬಿಡಿಸಿ ಬರೆದರೆ ಇನ್ನೊಬ್ಬರಾದರೂ ಉಳಿದಾರು.

ಮೊದಲು, ಎಲ್ಲರೂ ಹಂಚಿಕೊಳ್ಳುವ ಆ "ವರ್ಷಕ್ಕೆ 11 ಶೇಕಡಾ ಲಾಭ" ಎಂಬ ಅಂಕಿ. ಅದು ಕಟ್ಟುಕತೆಯಲ್ಲ. ಮಾಸ್ಕೋದ ಹೈಯರ್ ಸ್ಕೂಲ್ ಆಫ್ ಇಕನಾಮಿಕ್ಸ್‌ನ ಅರ್ಥಶಾಸ್ತ್ರಜ್ಞರು 1987ರಿಂದ 2015ರವರೆಗಿನ 2,322 ಸೆಟ್‌ಗಳ ಬೆಲೆ ನೋಡಿ ಕಂಡುಕೊಂಡದ್ದು. ಅದೇ ಅಧ್ಯಯನದಲ್ಲಿ ಬೇರೆ ಬೇರೆ ಸೆಟ್‌ಗಳ ವಾರ್ಷಿಕ ಫಲ 50 ಶೇಕಡಾ ನಷ್ಟದಿಂದ 600 ಶೇಕಡಾ ಲಾಭದವರೆಗೆ ಹರಡಿದೆ. ಸರಾಸರಿ ಸಿಗಬೇಕಾದರೆ ನೂರಾರು ಸೆಟ್ ಇಡಬೇಕು. ಹತ್ತು ಹದಿನೈದು ಇಟ್ಟವರಿಗೆ ಯಾವುದು ಬೀಳುತ್ತದೋ ಅದೇ.

ತಾಜ್ ಮಹಲ್ ಸೆಟ್ಟಿನ ಕತೆ ನೋಡಿ. 10189 ಸಂಖ್ಯೆಯ ಆ ಸೆಟ್ 2008ರಲ್ಲಿ ಬಂತು, 5,922 ತುಂಡು, ಅಮೆರಿಕದಲ್ಲಿ 300 ಡಾಲರ್. ನಿಂತುಹೋದ ಮೇಲೆ ಅದರ ಬೆಲೆ ಸಾವಿರಾರು ಡಾಲರ್‌ಗೆ ಹೋಯಿತು. ಕಂಪನಿ 2017ರಲ್ಲಿ ಅದನ್ನೇ 10256 ಎಂಬ ಹೊಸ ಸಂಖ್ಯೆ ಕೊಟ್ಟು, 5,923 ತುಂಡುಗಳೊಂದಿಗೆ 370 ಡಾಲರ್‌ಗೆ ಮತ್ತೆ ಮಾರುಕಟ್ಟೆಗೆ ಬಿಟ್ಟಿತು. ಹಳೆಯದರ ಬೆಲೆ ಕುಸಿಯಿತು. ಅದೇ ವರ್ಷ ಸ್ಟಾರ್ ವಾರ್ಸ್‌ನ ಮಿಲೇನಿಯಂ ಫಾಲ್ಕನ್ ಎಂಬ ಸಿನಿಮಾ ನೌಕೆಯ ಸೆಟ್ಟಿಗೂ ಹಾಗೇ ಆಯಿತು: 2007ರ 10179ರ ಜಾಗಕ್ಕೆ 7,541 ತುಂಡುಗಳ 75192 ಬಂತು. ಹೊಸದು ಬರುತ್ತದೆ ಎಂದು ಕಂಪನಿ ನಿಮಗೆ ಮುಂಚೆ ಹೇಳುವುದಿಲ್ಲ. ಹೇಳಬೇಕಾದ ಕಾರಣವೂ ಅದಕ್ಕಿಲ್ಲ.

ಇನ್ನು ಗಲ್ಫ್‌ನಿಂದ ತರುವ ವಿಷಯ. ಇದರಲ್ಲಿ ನಮ್ಮ ಊರಿನವರು ಹೆಚ್ಚು ಸಿಕ್ಕಿಹಾಕಿಕೊಳ್ಳುತ್ತಾರೆ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯಬೇಕು.

2016ರ ಬ್ಯಾಗೇಜ್ ನಿಯಮ ಊರಿಗೆ ಬರುವ ಪ್ರಯಾಣಿಕರಿಗೆ 50,000 ರೂಪಾಯಿಯವರೆಗೆ ಸುಂಕದ ವಿನಾಯಿತಿ ಕೊಟ್ಟಿತು. ಈ ಮಿತಿ ಬದಲಾಗುತ್ತಿರುತ್ತದೆ, ಹೊರಡುವ ಮುಂಚೆ ಕಸ್ಟಮ್ಸ್ ಇಲಾಖೆಯ ಪುಟದಲ್ಲಿ ನೋಡಿಕೊಳ್ಳಿ. ಮಿತಿ ಎಷ್ಟೇ ಇರಲಿ, ಅದು ಸ್ವಂತ ಬಳಕೆಗೆ ಮತ್ತು ಉಡುಗೊರೆಗೆ ಮಾತ್ರ. ಮಾರುವುದಕ್ಕೆ ತಂದದ್ದು ಒಂದು ರೂಪಾಯಿಯದ್ದಾದರೂ ಅದರಲ್ಲಿ ಸೇರುವುದಿಲ್ಲ. ಒಂದೇ ಸಂಖ್ಯೆಯ ನಾಲ್ಕು ಸೆಟ್ ಒಂದೇ ಸೂಟ್‌ಕೇಸಿನಲ್ಲಿದ್ದರೆ ಮಂಗಳೂರಿನ ಬಜಪೆ ವಿಮಾನ ನಿಲ್ದಾಣದಲ್ಲಾಗಲಿ ಕಣ್ಣೂರಿನಲ್ಲಾಗಲಿ ಮಕ್ಕಳಿಗೆ ತಂದದ್ದು ಎಂಬ ಮಾತು ನಿಲ್ಲುವುದಿಲ್ಲ. ಗಂಡ ಹೆಂಡತಿ ಇಬ್ಬರ ಮಿತಿಯನ್ನು ಕೂಡಿಸಿ ಒಂದೇ ದುಬಾರಿ ಸೆಟ್ಟಿಗೆ ಲೆಕ್ಕ ಹಾಕುವುದಕ್ಕೂ ಆಗುವುದಿಲ್ಲ. ಸರಿಯಾಗಿ ಆಮದು ಮಾಡುತ್ತೇನೆ ಎಂದರೆ ಆಟಿಕೆಯ ಸುಂಕ 2020ರಲ್ಲಿ 20ರಿಂದ 60 ಶೇಕಡಾಕ್ಕೆ, 2023ರಲ್ಲಿ 70ಕ್ಕೆ ಏರಿತ್ತು. ಇವತ್ತಿನ ದರ ನೋಡಿಕೊಂಡೇ ಲೆಕ್ಕ ಹಾಕಿ.

ಸುಂಕ ಕಟ್ಟಿದರೂ ಮುಗಿಯಲಿಲ್ಲ. 2021ರ ಜನವರಿ 1ರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಭಾರತದ ಅಂಗಡಿಗೆಂದೇ ಬಂದ ಪೆಟ್ಟಿಗೆಯ ಮೇಲೆ ಆಮದುದಾರರ ಹೆಸರು, ಎಂಆರ್‌ಪಿ, ಐಎಸ್‌ 9873 ಎಂಬ ಸಂಖ್ಯೆಯ ಗುರುತು ಇರುತ್ತದೆ. ಶಾರ್ಜಾದ ಅಂಗಡಿಯಲ್ಲಿ ಕೊಂಡ ಪೆಟ್ಟಿಗೆಯ ಮೇಲೆ ಇದು ಇರುವುದಿಲ್ಲ. ಅಂಥದ್ದನ್ನು ಮಾರುವುದು ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಕಾಯ್ದೆಯ ಪ್ರಕಾರ ಅಪರಾಧ: ಮೊದಲ ಸಲಕ್ಕೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಕನಿಷ್ಠ ಎರಡು ಲಕ್ಷ ರೂಪಾಯಿ ದಂಡ, ಅಥವಾ ಎರಡೂ. ಅಸಲಿ ಲೆಗೋ ತಾನೇ ಎಂಬ ವಾದ ಇಲ್ಲಿ ನಡೆಯದು. ಕಾಯ್ದೆ ಕೇಳುವುದು ಗುರುತನ್ನು.

ಇನ್ನೊಂದು ಮಾತು, ದಯವಿಟ್ಟು ಮನಸ್ಸಿಟ್ಟು ಕೇಳಿ. ಬೇರೆಯವರು ಕೊಟ್ಟ ಸೀಲ್ ಆದ ಆಟಿಕೆ ಪೆಟ್ಟಿಗೆಯನ್ನು "ಊರಲ್ಲಿ ಒಬ್ಬರು ಬಂದು ತೆಗೆದುಕೊಳ್ಳುತ್ತಾರೆ, ಟಿಕೆಟ್ ಹಣದಲ್ಲಿ ಅರ್ಧ ಕೊಡುತ್ತೇವೆ" ಎಂಬ ಮಾತಿಗೆ ಒಪ್ಪಿ ಹೊತ್ತು ತರಬೇಡಿ. ಒಳಗಿರುವುದು ಪ್ಲಾಸ್ಟಿಕ್ಕೋ ಚಿನ್ನವೋ ನಿಮಗೆ ಗೊತ್ತಿರುವುದಿಲ್ಲ. ಸಿಕ್ಕಿಬಿದ್ದಾಗ ಪಾಸ್‌ಪೋರ್ಟ್ ನಿಮ್ಮದು.

ಪೆಟ್ಟಿಗೆ ಊರಿಗೆ ಬಂತು ಎಂದುಕೊಳ್ಳಿ. ಇನ್ನು ಮಳೆಗಾಲ. ಈ ವ್ಯಾಪಾರದಲ್ಲಿ ಅರ್ಧ ಬೆಲೆ ಇರುವುದು ಹೊರಗಿನ ರಟ್ಟಿನ ಪೆಟ್ಟಿಗೆಗೇ. ಮೂಲೆ ಒಂದು ಬೆರಳಿನಷ್ಟು ಜಜ್ಜಿದ್ದರೂ ಕೊಳ್ಳುವವರು ಬೆಲೆ ಇಳಿಸುತ್ತಾರೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವ ಜಿಲ್ಲೆ ನಮ್ಮದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಟ್ಟು ಗಾಳಿಯ ತೇವ ಹೀರಿ ಮೆತ್ತಗಾಗುತ್ತದೆ. ಮೇಲೆ ಇನ್ನೆರಡು ಪೆಟ್ಟಿಗೆ ಪೇರಿಸಿದ್ದರೆ ಮಧ್ಯದಲ್ಲಿ ಕುಸಿಯುತ್ತದೆ, ಆ ಒತ್ತಡಕ್ಕೆ ತುದಿಯ ಸೀಲ್ ತಾನಾಗಿ ಬಿರಿಯುತ್ತದೆ. ಯಾರೂ ತೆರೆಯದ ಪೆಟ್ಟಿಗೆ ತೆರೆದದ್ದರ ಹಾಗೆ ಕಾಣುತ್ತದೆ. ಬದಿಯಡ್ಕದ ಮನೆಯಲ್ಲಿ ಪೆಟ್ಟಿಗೆಗಳನ್ನು ಇಟ್ಟದ್ದು ಅಡುಗೆಮನೆಯ ಮೇಲಿನ ಅಟ್ಟದಲ್ಲಿ, ಬೆಚ್ಚಗಿರುತ್ತದೆ ಎಂದು. ಬೂಸ್ಟು ಅಷ್ಟಾಗಿ ಹಿಡಿಯಲಿಲ್ಲ, ಆದರೆ ಹೊಗೆಯ ವಾಸನೆ ರಟ್ಟಿಗೆ ಕೂತಿತು. ಆ ವಾಸನೆ ಹೋಗುವುದಿಲ್ಲ. ಹೊರದೇಶದ ಗಿರಾಕಿಗಳು ಮೊದಲೇ ಕೇಳುವ ಪ್ರಶ್ನೆಗಳಲ್ಲಿ ಹೊಗೆ ಇಲ್ಲದ ಮನೆಯೇ ಎಂಬುದೂ ಒಂದು. ನುಸಿಗುಳಿಗೆ ಹಾಕಿದ ಪೆಟ್ಟಿಗೆಗೂ ಇದೇ ಗತಿ, ಅದರ ಆವಿ ಕೆಲವು ಪ್ಲಾಸ್ಟಿಕ್‌ಗಳನ್ನೂ ಕೆಡಿಸುತ್ತದೆ. ಪೇಪರ್ ಸುತ್ತಿಟ್ಟರೆ ಬೆಳ್ಳಿಮೀನು ಹುಳುವಿಗೆ ಊಟ ಹಾಕಿದಂತೆ. ಸರಿಯಾಗಿ ಇಡಬೇಕಾದರೆ ಮುಚ್ಚಳ ಬಿಗಿಯಾಗಿ ಕೂರುವ ದೊಡ್ಡ ಪ್ಲಾಸ್ಟಿಕ್ ಡಬ್ಬ, ಒಂದೊಂದಕ್ಕೂ 200 ಗ್ರಾಂ ಸಿಲಿಕಾ ಜೆಲ್, ತೇವ ಅಳೆಯುವ ಮೀಟರ್, ಗೋಡೆಗೆ ತಾಗದ ಮರದ ಹಲಗೆ, ಬಿಸಿಲು ಬೀಳದ ಕೋಣೆ ಬೇಕು. ತೇವ 60 ಶೇಕಡಾ ದಾಟಬಾರದು. ಇಷ್ಟಕ್ಕೆ ಆಗುವ ಖರ್ಚನ್ನು ಲಾಭದ ಲೆಕ್ಕದಲ್ಲಿ ಬರೆದವರನ್ನು ಕಾಣುವುದು ಅಪರೂಪ.

ಮಾರುವಾಗ ನೋಡಬೇಕಾದ ಬೆಲೆ ಯಾವುದು? ಜಾಹೀರಾತಿನಲ್ಲಿ ಬರೆದದ್ದಲ್ಲ. ಯಾರು ಎಷ್ಟು ಬೇಕಾದರೂ ಬರೆಯಬಹುದು. 2019ರಲ್ಲಿ ಲೆಗೋ ಕಂಪನಿಯೇ ಕೊಂಡುಕೊಂಡ ಬ್ರಿಕ್‌ಲಿಂಕ್ ಎಂಬ ತಾಣದಲ್ಲಿ ಪ್ರತಿ ಸೆಟ್ಟಿಗೂ ಹಿಂದಿನ ಆರು ತಿಂಗಳಲ್ಲಿ ನಿಜವಾಗಿ ಮಾರಿಹೋದ ಬೆಲೆ, ಎಷ್ಟು ಮಾರಿತು ಎಂಬ ಲೆಕ್ಕ ಸಿಗುತ್ತದೆ. ಆರು ತಿಂಗಳಲ್ಲಿ ಮಾರಿದ್ದು ನಾಲ್ಕು, ಮಾರಾಟಕ್ಕೆ ನಿಂತಿರುವುದು ಇನ್ನೂರು ಎಂದಿದ್ದರೆ ಅರ್ಥವಾಯಿತಲ್ಲ.

ಆ ಬೆಲೆಗೂ ನಿಮಗೂ ನಡುವೆ ಕೊರಿಯರ್ ಇದೆ. ಕೊರಿಯರ್‌ನವರು ನಿಜವಾದ ತೂಕ, ಗಾತ್ರದ ತೂಕ ಎರಡರಲ್ಲಿ ಹೆಚ್ಚಿನದಕ್ಕೆ ಹಣ ಕೇಳುತ್ತಾರೆ. ಗಾತ್ರದ ತೂಕಕ್ಕೆ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5,000ದಿಂದ ಭಾಗಿಸುತ್ತಾರೆ. 58, 38, 12ರ ಪೆಟ್ಟಿಗೆಗೆ 5.3 ಕೆ.ಜಿ. ಅದನ್ನು ಹಾಗೇ ಕಳಿಸಿದರೆ ಜಜ್ಜಿಹೋಗುತ್ತದೆ. ಸುತ್ತಲೂ ಮೂರು ಸೆಂಟಿಮೀಟರ್ ಬಬಲ್ ಕಟ್ಟಿ ಹೊರಪೆಟ್ಟಿಗೆಯಲ್ಲಿಟ್ಟರೆ ಅಳತೆ 64, 44, 18. ತೂಕ 10.1 ಕೆ.ಜಿ. ಒಳಗಿನ ಮಾಲು ಮೂರೂವರೆ ಕೆ.ಜಿ. ಇದ್ದರೂ ಹಣ ಹತ್ತಕ್ಕೆ.

ಲೆಕ್ಕಕ್ಕೆ ಹೀಗೆಂದಿಟ್ಟುಕೊಳ್ಳಿ: ಕೊಂಡದ್ದು 20,000ಕ್ಕೆ, ಎರಡು ವರ್ಷ ಕಳೆದು ಹೊರದೇಶಕ್ಕೆ ಮಾರಿದ್ದು 34,000ಕ್ಕೆ. ತಾಣದ ಮತ್ತು ಹಣ ವರ್ಗಾವಣೆಯ ಕಮಿಷನ್ 12 ಶೇಕಡಾ ಎಂದರೆ 4,080. ಕೊರಿಯರ್ 8,000, ಪ್ಯಾಕಿಂಗ್ 400. ಉಳಿದದ್ದು 21,520. ಎರಡು ವರ್ಷಕ್ಕೆ 1,520 ರೂಪಾಯಿ. ಆರೂವರೆ ಶೇಕಡಾದ ಎಫ್‌ಡಿಯಲ್ಲಿ ಇಟ್ಟಿದ್ದರೆ ಸುಮಾರು 2,680 ಆಗುತ್ತಿತ್ತು, ಅಟ್ಟ ಹತ್ತುವ ಕೆಲಸವಿಲ್ಲದೆ. ಅದರ ಮೇಲೆ ವ್ಯಾಪಾರಕ್ಕೆ ರಫ್ತು ಮಾಡಲು ಐಇಸಿ ಎಂಬ ಆಮದು-ರಫ್ತು ನೋಂದಣಿ ನಂಬರ್ ಬೇಕು. 800 ಡಾಲರ್‌ವರೆಗಿನ ಪಾರ್ಸೆಲ್‌ಗಿದ್ದ ಸುಂಕ ವಿನಾಯಿತಿಯನ್ನು ಅಮೆರಿಕ 2025ರ ಆಗಸ್ಟ್ 29ರಿಂದ ನಿಲ್ಲಿಸಿದೆ, ಹಾಗಾಗಿ ಅಲ್ಲಿನ ಗಿರಾಕಿಯೂ ಹಿಂದೆ ಸರಿಯುತ್ತಾನೆ.

ಹೊರದೇಶ ಬೇಡ, ಮಂಗಳೂರಿನಲ್ಲೇ ಮಾರುತ್ತೇನೆ ಎನ್ನುವವರಿಗೆ: ಗಡಿಯ ತಲಪಾಡಿ ದಾಟಿದರೆ ಅದು ಬೇರೆ ರಾಜ್ಯ, ಕರ್ನಾಟಕ. ಊರಿನವರಿಗೆ ಮಂಗಳೂರೇ ಪೇಟೆಯಾದರೂ ಜಿಎಸ್‌ಟಿಯ ಕಣ್ಣಿಗೆ ಅದು ಅಂತರರಾಜ್ಯ ಮಾರಾಟ. ಕೇರಳದೊಳಗೆ ಸರಕು ಮಾರುವವರಿಗೆ 40 ಲಕ್ಷದವರೆಗೆ ನೋಂದಣಿ ಬೇಡ, ಆದರೆ ತೆರಿಗೆ ಇರುವ ಸರಕನ್ನು ರಾಜ್ಯದ ಗಡಿ ದಾಟಿಸಿ ವ್ಯಾಪಾರ ಮಾಡುವವರಿಗೆ ಆ ಮಿತಿ ಇಲ್ಲ, ಮೊದಲ ಮಾರಾಟದಿಂದಲೇ ನೋಂದಣಿ ಬೇಕು.

ಈಗ ಮೋಸದ ವಿಚಾರ. ಎರಡು ಥರ ಇದೆ, ಕೊಳ್ಳುವಾಗಿನದ್ದು ಮತ್ತು ಮಾರುವಾಗಿನದ್ದು.

ಕೊಳ್ಳುವಾಗ ಹೆಚ್ಚು ನಡೆಯುವುದು ಸೀಲ್ ಬಿಚ್ಚಿ ಮತ್ತೆ ಅಂಟಿಸಿದ ಪೆಟ್ಟಿಗೆ. ಸೆಟ್ಟಿನಲ್ಲಿ ಬೆಲೆ ಇರುವುದು ಬಹಳ ಸಲ ಪುಟ್ಟ ಗೊಂಬೆಗಳಿಗೆ, ಮಿನಿಫಿಗರ್‌ಗೆ. ಹೇರ್ ಡ್ರೈಯರ್‌ನ ಬಿಸಿ ಕೊಟ್ಟು ಸೀಲ್ ಎಬ್ಬಿಸಿ, ಗೊಂಬೆ ತೆಗೆದು, ಮತ್ತೆ ಅಂಟಿಸುತ್ತಾರೆ. ಟಾರ್ಚ್ ಬೆಳಕನ್ನು ಅಡ್ಡಲಾಗಿ ಹಿಡಿದು ನೋಡಿ. ಅಸಲಿ ಸೀಲ್‌ನ ಕೆಳಗೆ ರಟ್ಟಿನ ಬಣ್ಣ ಒಂದೇ ಸಮ ಇರುತ್ತದೆ. ಎಬ್ಬಿಸಿದ್ದರೆ ರಟ್ಟಿನ ಬಿಳಿ ನಾರು ಟೇಪಿನ ಅಂಚಿಗೆ ಹತ್ತಿರುತ್ತದೆ, ಗುಳ್ಳೆ ಇರುತ್ತದೆ, ಹಳೆ ಟೇಪಿನ ಗೆರೆ ಹೊಸದರ ಪಕ್ಕ ಕೂದಲೆಳೆಯಷ್ಟು ಹೊರಗೆ ಕಾಣುತ್ತದೆ. ಎರಡೂ ತುದಿಯ ಎಲ್ಲ ಸೀಲ್ ನೋಡಬೇಕು. ಮೋಸಗಾರರು ಮೇಲಿನದನ್ನು ಮುಟ್ಟದೆ ಕೆಳಗಿನದನ್ನು ಬಿಚ್ಚುತ್ತಾರೆ.

ತೂಕ ಹಾಕಿ ನೋಡಿದರೆ ಗೊತ್ತಾಗುತ್ತದೆ ಎಂಬ ನಂಬಿಕೆ ಇದೆ, ಇದು ಅಪಾಯದ ನಂಬಿಕೆ. ಒಂದು ಗೊಂಬೆ ಮೂರು ಗ್ರಾಂ ಆಸುಪಾಸು. ನಾಲ್ಕು ಗೊಂಬೆ ತೆಗೆದರೆ ಹನ್ನೆರಡು ಗ್ರಾಂ. ನಮ್ಮ ಜುಲೈ ತಿಂಗಳಲ್ಲಿ ರಟ್ಟು ಹೀರುವ ನೀರಿನಿಂದಲೇ ಅಷ್ಟು ವ್ಯತ್ಯಾಸ ಬರಬಹುದು. ಇಟ್ಟಿಗೆಯ ಚೀಲವನ್ನೇ ಪೂರ್ತಿ ತೆಗೆದಿದ್ದರೆ ಮಾತ್ರ ತಕ್ಕಡಿ ಹೇಳುತ್ತದೆ. ತೆರೆದ ಸೆಟ್ ಕೊಳ್ಳುವುದಾದರೆ ಪ್ರತಿ ಇಟ್ಟಿಗೆಯ ಗುಬುಟಿನ ಮೇಲೂ, ಗೊಂಬೆಯ ತಲೆ ಕಿತ್ತರೆ ಕಾಣುವ ಕುತ್ತಿಗೆಯ ಮೇಲೂ ಲೆಗೋ ಎಂಬ ಅಕ್ಷರ ಇದೆಯೇ ನೋಡಿ. ನಕಲಿ ಮಾಲು ಸಣ್ಣ ಪ್ರಮಾಣದ್ದಲ್ಲ: ಲೆಪಿನ್ ಎಂಬ ನಕಲಿ ಬ್ರ್ಯಾಂಡಿನ ಪ್ರಕರಣದಲ್ಲಿ 2020ರಲ್ಲಿ ಶಾಂಘೈ ನ್ಯಾಯಾಲಯ ಮುಖ್ಯ ಆರೋಪಿಗೆ ಆರು ವರ್ಷ ಜೈಲು, ಒಂಬತ್ತು ಕೋಟಿ ಯುವಾನ್ ದಂಡ ವಿಧಿಸಿತು.

ಮಾರುವಾಗಿನ ಮೋಸವೇ ಬದಿಯಡ್ಕದ ಮನೆಯವರಿಗೆ ಆದದ್ದು. ಗಿರಾಕಿ ಪೆಟ್ಟಿಗೆ ತರಿಸಿಕೊಂಡ, ಸೀಲ್ ಸರಿಯಿಲ್ಲ ಎಂದು ವಾಪಸ್ ಮಾಡಿದ, ತಾಣದವರು ಅವನಿಗೆ ಹಣ ಹಿಂತಿರುಗಿಸಿದರು. ಬಂದ ಪೆಟ್ಟಿಗೆಯಲ್ಲಿ ತೂಕಕ್ಕೆ ಬೇರೆ ಇಟ್ಟಿಗೆ ತುಂಬಿತ್ತು. ಕಳಿಸುವಾಗಿನ ವಿಡಿಯೋ ಇವರಲ್ಲಿ ಇರಲಿಲ್ಲ. ಕಳಿಸುವ ಮುಂಚೆ ಎಲ್ಲ ಸೀಲ್, ಪೆಟ್ಟಿಗೆಯ ಮೇಲಿನ ಮುದ್ರಿತ ಕೋಡ್, ತಕ್ಕಡಿಯ ಅಂಕಿ, ಕೊರಿಯರ್ ಚೀಟಿ ಅಂಟಿಸುವವರೆಗೆ ಎಲ್ಲವನ್ನೂ ಒಂದೇ ವಿಡಿಯೋದಲ್ಲಿ, ನಡುವೆ ನಿಲ್ಲಿಸದೆ ತೆಗೆಯಬೇಕು. ವಾಪಸ್ ಬಂದದ್ದನ್ನು ತೆರೆಯುವಾಗಲೂ ಹಾಗೇ.

ಇದರ ಜೊತೆ, ಮಿಲಿಟರಿ ಗುರುತಿನ ಚೀಟಿ ತೋರಿಸಿ "ಮುಂಗಡ ಕಳಿಸುತ್ತೇನೆ, ಕ್ಯೂಆರ್ ಸ್ಕ್ಯಾನ್ ಮಾಡಿ" ಎನ್ನುವವರೂ ಇದ್ದಾರೆ. ಹಣ ಬರಲು ಪಿನ್ ಒತ್ತಬೇಕಾಗಿಲ್ಲ, ಒತ್ತಿದರೆ ನಿಮ್ಮ ಖಾತೆಯಿಂದಲೇ ಹಣ ಹೋಗುತ್ತದೆ. ಹಾಗೆ ಹೋದರೆ ಆ ಗಳಿಗೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೆ ತಿಳಿಸಿ. ತಡವಾದಷ್ಟೂ ಹಣ ಮುಂದಿನ ಖಾತೆಗಳಿಗೆ ದಾಟುತ್ತಾ ಹೋಗುತ್ತದೆ. "ನೀವು ಹಣ ಕೊಡಿ, ಸೆಟ್ ನಾವು ಕೊಂಡು ಇಡುತ್ತೇವೆ, ತಿಂಗಳಿಗೆ ಇಷ್ಟು ಕೊಡುತ್ತೇವೆ" ಎಂಬ ಗುಂಪು ನಿಮ್ಮ ವಾಟ್ಸಾಪ್‌ಗೆ ಬಂದರೆ, ಹಾಗೆ ಠೇವಣಿ ಎತ್ತುವುದನ್ನು 2019ರ ಅನಿಯಂತ್ರಿತ ಠೇವಣಿ ಯೋಜನೆ ನಿಷೇಧ ಕಾಯ್ದೆಯೇ ನಿಷೇಧಿಸಿದೆ ಎಂಬುದು ನೆನಪಿರಲಿ.

ಈಗಾಗಲೇ ಪೆಟ್ಟಿಗೆ ಕೊಂಡು ಇಟ್ಟಿರುವವರು ಮುಂದಿನ ಮಳೆಗಾಲಕ್ಕೆ ಕಾಯಬೇಡಿ. ಐಎಸ್‌ಐ ಗುರುತು, ಬಿಲ್ ಎರಡೂ ಇರುವುದನ್ನು ಬೇರೆ ಇಟ್ಟು, ಬ್ರಿಕ್‌ಲಿಂಕ್‌ನ ಆರು ತಿಂಗಳ ಬೆಲೆ ನೋಡಿ, ಕಣ್ಣೂರು, ಕೋಯಿಕ್ಕೋಡ್, ಕೊಚ್ಚಿಯ ಸಂಗ್ರಹಕಾರರಿಗೆ ಕೈಗೆ ಕೈ ಕೊಡಿ. ಅವರ ಎದುರೇ ಸೀಲ್ ತೋರಿಸಿ, ಹಣ ಖಾತೆಗೆ ಬಂದದ್ದನ್ನು ಬ್ಯಾಂಕಿನ ಆ್ಯಪ್‌ನಲ್ಲಿ ನೋಡಿ, ಆಮೇಲೆ ಪೆಟ್ಟಿಗೆ ಬಿಡಿ. ಅಸಲು ಬಂದರೆ ಮಾರಿಬಿಡಿ. ಗುರುತು ಇಲ್ಲದ್ದನ್ನು ಮಾರಾಟಕ್ಕೆ ಇಡಬೇಡಿ, ಮನೆಯ ಮಕ್ಕಳಿಗೆ ಕೊಡಿ, ಕೂತು ಕಟ್ಟಲಿ.