ಫೋನ್ ಕೈಯಲ್ಲಿರಲಿ, ಆದರೆ ಯಾತಕ್ಕೆ? ಐದು ಒಳ್ಳೆ ಕೆಲಸಗಳನ್ನು ಮಾಡಿ ನೋಡಿ ಬರೆದ ಹೋಲಿಕೆ

ಫೋನ್ ನೋಡೋದು ಕಡಿಮೆ ಮಾಡೋದು ಹೇಗೆ ಅಂತ ಯಾರನ್ನೇ ಕೇಳಿ, ಉತ್ತರ ಹೆಚ್ಚುಕಡಿಮೆ ಒಂದೇ. ಆ್ಯಪ್‌ಗೆ ಟೈಮರ್ ಹಾಕಿ, ನೋಟಿಫಿಕೇಶನ್ ಆಫ್ ಮಾಡಿ, ಸ್ಕ್ರೀನನ್ನು ಕಪ್ಪುಬಿಳುಪು ಮಾಡಿ, ರಾತ್ರಿ ಫೋನನ್ನು ಬೇರೆ ಕೋಣೆಯಲ್ಲಿಡಿ. ಇದೆಲ್ಲ ಸರಿಯೇ, ನಾನೂ ಇದರಲ್ಲಿ ಕೆಲವನ್ನು ಮಾಡುತ್ತೇನೆ. ಆದರೆ ಇವೆಲ್ಲ ತೆಗೆಯುವ ಉಪಾಯಗಳು. ತೆಗೆದ ಜಾಗದಲ್ಲಿ ಏನಿಡಬೇಕು ಅನ್ನೋದನ್ನು ಯಾರೂ ಹೇಳುವುದಿಲ್ಲ. ಬಸ್ ಬರುವವರೆಗಿನ ಹತ್ತು ನಿಮಿಷ, ಕುಕ್ಕರ್ ಕೂಗುವವರೆಗಿನ ಕಾಲು ಗಂಟೆ, ರಾತ್ರಿ ಊಟ ಆದ ಮೇಲಿನ ಅರ್ಧ ಗಂಟೆ, ಇವು ಹೇಗೂ ಇದ್ದೇ ಇರುತ್ತವೆ, ಫೋನೂ ಪಕ್ಕದಲ್ಲೇ ಇರುತ್ತದೆ. ಆ ಹೊತ್ತಿನಲ್ಲಿ ಇನ್ನೊಬ್ಬರಿಗೆ ನಿಜವಾಗಿ ಉಪಯೋಗಕ್ಕೆ ಬರುವ ಕೆಲಸ ಏನಾದರೂ ಆಗುತ್ತದಾ ಅಂತ ಐದನ್ನು ಆರಿಸಿಕೊಂಡು ಮಾಡಿ ನೋಡಿದೆ: ಕನ್ನಡ ವಿಕಿಸೋರ್ಸ್ (ಹಳೆಯ ಪುಸ್ತಕಗಳ ಅಕ್ಷರ ತಿದ್ದೋದು), ಸ್ಟ್ರೀಟ್‌ಕಂಪ್ಲೀಟ್ (ಮ್ಯಾಪಿಗೆ ವಿವರ ಸೇರಿಸೋದು), ಈಬರ್ಡ್ (ಕಂಡ ಹಕ್ಕಿಗಳ ಪಟ್ಟಿ ಬರೆಯೋದು), ಭಾಷಾದಾನ್ (ಕಂಪ್ಯೂಟರಿಗೆ ಭಾಷೆ ಕಲಿಸಲು ದನಿ, ಬರಹ ಕೊಡೋದು), ಬಿ ಮೈ ಐಸ್ (ಕಣ್ಣು ಕಾಣದವರಿಗೆ ನೋಡಿ ಹೇಳೋದು). ಐದೂ ಉಚಿತ.

ಹೋಲಿಸುವಾಗ ನಾನು ಮೊದಲು ನೋಡಿದ್ದು, ಈ ಕೆಲಸಕ್ಕೆ ಒಂದು ಕೊನೆ ಇದೆಯಾ ಅಂತ. ರೀಲ್ಸ್‌ಗೆ ಕೊನೆ ಇಲ್ಲ. ಕೊನೆ ಸಿಗದ ಹಾಗೆಯೇ ಅದನ್ನು ಮಾಡಿರೋದು. ಒಳ್ಳೆ ಕೆಲಸವೇ ಆದರೂ ಅದೂ ಮುಗಿಯದೆ ಎಳೆಯುತ್ತಾ ಹೋದರೆ ನನಗೆ ಬೇಡ. ಆಮೇಲೆ ಇದರಿಂದ ಯಾರಿಗೆ ಏನಾಗುತ್ತದೆ ಅನ್ನೋದು. ಕೊನೆಗೆ, ಇದಕ್ಕಾಗಿ ನನ್ನ ಬಗ್ಗೆ ನಾನು ಏನೇನು ಬಿಟ್ಟುಕೊಡುತ್ತೇನೆ, ಅಂದರೆ ನಾನಿರುವ ಜಾಗ, ದನಿ, ಹೊತ್ತು.

ಸ್ಟ್ರೀಟ್‌ಕಂಪ್ಲೀಟ್‌ನಿಂದ ಶುರು ಮಾಡುತ್ತೇನೆ, ಕಲಿಯೋಕೆ ಅತಿ ಸುಲಭ ಅದೇ. ಓಪನ್‌ಸ್ಟ್ರೀಟ್‌ಮ್ಯಾಪ್ ಅಂತ ಒಂದು ಮ್ಯಾಪ್ ಇದೆ, 2004ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದದ್ದು. ಯಾರು ಬೇಕಾದರೂ ಸೇರಿಸಬಹುದು, ಯಾರು ಬೇಕಾದರೂ ಬಳಸಬಹುದು. ಆ ಮ್ಯಾಪಿನಲ್ಲಿ ಎಲ್ಲೆಲ್ಲಿ ವಿವರ ಕಡಿಮೆ ಇದೆಯೋ ಅಲ್ಲೆಲ್ಲ ಈ ಆ್ಯಪ್ ಒಂದೊಂದು ಪ್ರಶ್ನೆ ಇಡುತ್ತದೆ. ಈ ರಸ್ತೆ ಡಾಂಬರಾ, ಕಾಂಕ್ರೀಟಾ, ಮಣ್ಣಾ? ಬೀದಿದೀಪ ಇದೆಯಾ? ಈ ಬಸ್ ಸ್ಟಾಪಿಗೆ ಸೂರು ಇದೆಯಾ? ಪಾರ್ಕಿನ ಈ ಬೆಂಚಿಗೆ ಬೆನ್ನು ಒರಗಿಸೋಕೆ ಆಗುತ್ತದಾ? ಈ ಅಂಗಡಿಯೊಳಗೆ ಗಾಲಿಕುರ್ಚಿ ಹೋಗುತ್ತದಾ? ಎದುರು ನಿಂತು ಕಣ್ಣಾರೆ ನೋಡಿ ಉತ್ತರ ಒತ್ತಿದರೆ ಅದು ಮ್ಯಾಪ್‌ಗೆ ಸೇರುತ್ತದೆ. ಗೊತ್ತಾಗದಿದ್ದರೆ ಹೇಳೋಕೆ ಆಗೋಲ್ಲ ಅಂತಲೂ ಒತ್ತಬಹುದು. ರಸ್ತೆಯ ಹೆಸರನ್ನು ಕನ್ನಡದಲ್ಲೂ ಹಾಕಬಹುದು, ಇದು ನನಗೆ ತುಂಬಾ ಇಷ್ಟವಾದ ವಿಷಯ, ಏಕೆಂದರೆ ನಾವಿರುವ ಮೈಸೂರಿನಲ್ಲೇ ಬಡಾವಣೆಯೊಳಗಿನ ಎಷ್ಟೋ ರಸ್ತೆಗಳ ಬೋರ್ಡು ಕನ್ನಡದಲ್ಲಿದ್ದರೂ ಮ್ಯಾಪಿನಲ್ಲಿ ಹೆಸರು ಇಂಗ್ಲಿಷಿನಲ್ಲಿ ಮಾತ್ರ ಇರುತ್ತದೆ.

ಇದರಿಂದ ಯಾರಿಗೆ ಉಪಯೋಗ ಅಂದರೆ, ಆರ್ಗ್ಯಾನಿಕ್ ಮ್ಯಾಪ್ಸ್, ಓಸ್ಮ್ಯಾಂಡ್ ಥರದ ಆ್ಯಪ್‌ಗಳು ಇದೇ ಮ್ಯಾಪನ್ನು ಫೋನಿಗೆ ಇಳಿಸಿಕೊಂಡು ನೆಟ್‌ವರ್ಕ್ ಇಲ್ಲದೆಯೂ ತೋರಿಸುತ್ತವೆ. ಸಿಗ್ನಲ್ ಸಿಗದ ಘಟ್ಟದ ರಸ್ತೆಗಳಲ್ಲಿ ಓಡಾಡಿದವರಿಗೆ ಇದರ ಬೆಲೆ ಗೊತ್ತು. 2010ರಲ್ಲಿ ಹೈಟಿಯಲ್ಲಿ, 2015ರಲ್ಲಿ ನೇಪಾಳದಲ್ಲಿ ಭೂಕಂಪವಾದಾಗ ಬೇರೆ ಬೇರೆ ದೇಶದ ಸ್ವಯಂಸೇವಕರು ಮನೆಯಲ್ಲೇ ಕೂತು ಇದೇ ಮ್ಯಾಪಿನಲ್ಲಿ ರಸ್ತೆ, ಕಟ್ಟಡಗಳನ್ನು ಬರೆದುಕೊಟ್ಟರು, ಪರಿಹಾರಕ್ಕೆ ಹೋದವರು ಅದನ್ನು ಬಳಸಿದರು. ನಮ್ಮ ಬೀದಿಯ ದೀಪಕ್ಕೂ ಅದಕ್ಕೂ ಬಹಳ ದೂರ ಅನ್ನಿಸಬಹುದು. ಆದರೆ ಮ್ಯಾಪ್ ಅದೇ, ಸೇರಿಸುವ ರೀತಿಯೂ ಅದೇ.

ತೊಂದರೆ ಎರಡು. ಸದ್ಯಕ್ಕೆ ಇದು ಇರೋದು ಆಂಡ್ರಾಯ್ಡ್ ಫೋನಿಗೆ, ಐಫೋನ್ ಇದ್ದವರು ಇದೇ ಮ್ಯಾಪಿಗೆ ವಿವರ ಸೇರಿಸುವ ಎವ್ರಿ ಡೋರ್ ಅನ್ನೋ ಆ್ಯಪ್ ನೋಡಬಹುದು. ಎರಡನೆಯದು ಇನ್ನೂ ಮುಖ್ಯ: ನಿಮ್ಮ ಖಾತೆಯ ಹೆಸರಿನಲ್ಲಿ ಯಾವತ್ತು, ಯಾವ ಹೊತ್ತಿಗೆ, ಎಲ್ಲಿ ಏನು ಸೇರಿಸಿದಿರಿ ಅನ್ನೋದು ಎಲ್ಲರಿಗೂ ಕಾಣುತ್ತದೆ. ದಿನಾ ಮನೆ ಸುತ್ತಲೇ ಉತ್ತರ ಕೊಡುತ್ತಿದ್ದರೆ ಮನೆ ಎಲ್ಲಿದೆ ಅಂತ ಯಾರಾದರೂ ಊಹಿಸಬಹುದು. ಅದಕ್ಕೇ ನಿಜವಾದ ಹೆಸರಿಲ್ಲದ ಖಾತೆ ಮಾಡಿಕೊಳ್ಳೋದು ಒಳ್ಳೇದು, ಹೆಣ್ಣುಮಕ್ಕಳಿಗಂತೂ ಇದನ್ನು ಒತ್ತಿ ಹೇಳುತ್ತೇನೆ. ಇನ್ನು ಕೊನೆ? ಅರ್ಧಂಬರ್ಧ ಇದೆ. ಒಂದು ಪ್ರಶ್ನೆ ಅಲ್ಲಿಗೇ ಮುಗಿಯುತ್ತದೆ, ಆದರೆ ಪಕ್ಕದಲ್ಲೇ ಇನ್ನೊಂದು ಕಾಣುತ್ತದೆ, ಪ್ರತಿ ಉತ್ತರಕ್ಕೂ ಒಂದು ನಕ್ಷತ್ರ ಬೇರೆ ಸಿಗುತ್ತದೆ. ನಾನು ಒಂದು ಕ್ರಾಸ್ ಅಂತ ಮೊದಲೇ ಗೊತ್ತು ಮಾಡಿಕೊಂಡು ಆ ಕ್ರಾಸ್ ಮುಗಿದ ತಕ್ಷಣ ಫೋನ್ ಜೇಬಿಗೆ ಹಾಕುತ್ತೇನೆ. ಉತ್ತರ ಒತ್ತುವಾಗ ನಿಂತುಕೊಳ್ಳಿ, ನಡೀತಾ ಒತ್ತಬೇಡಿ, ನಮ್ಮ ಫುಟ್‌ಪಾತ್‌ಗಳ ಸ್ಥಿತಿ ಗೊತ್ತಲ್ವಾ.

ಇದರ ಪಕ್ಕಕ್ಕೆ ಈಬರ್ಡ್ ಇಟ್ಟು ನೋಡಿದರೆ ಒಂದು ದೊಡ್ಡ ವ್ಯತ್ಯಾಸ ಕಾಣುತ್ತದೆ. ಎರಡಕ್ಕೂ ಹೊರಗೆ ಹೋಗಬೇಕು. ಆದರೆ ಸ್ಟ್ರೀಟ್‌ಕಂಪ್ಲೀಟ್‌ನಲ್ಲಿ ಕಣ್ಣು ಮತ್ತೆ ಮತ್ತೆ ಸ್ಕ್ರೀನಿಗೆ ಬರುತ್ತದೆ, ಈಬರ್ಡ್‌ನಲ್ಲಿ ಪಟ್ಟಿ ಶುರು ಮಾಡಿ ಫೋನನ್ನು ಕೆಳಗಿಳಿಸಿದರೆ ಕಣ್ಣೂ ಕಿವಿಯೂ ಮರದ ಕಡೆಗೆ. ಕುಕ್ಕರಹಳ್ಳಿ ಕೆರೆ ದಂಡೆಯಲ್ಲಿ ಬೆಳಗ್ಗೆ ಹದಿನೈದು ಇಪ್ಪತ್ತು ನಿಮಿಷ ನಿಂತರೆ ಹೆಜ್ಜಾರ್ಲೆ, ನೀರುಕಾಗೆ, ಕೆಮ್ಮೀಸೆ ಪಿಕಳಾರ, ಮರದೊಳಗಿಂದ ಕುಟ್ರು ಕುಟ್ರು ಅಂತ ಕೂಗುವ ಕುಟ್ರು ಹಕ್ಕಿ, ಇಷ್ಟಂತೂ ಸಿಗುತ್ತವೆ. ಕೊನೆಗೆ ಆ್ಯಪ್ ಒಂದು ಪ್ರಶ್ನೆ ಕೇಳುತ್ತದೆ: ಗುರುತು ಸಿಕ್ಕ ಎಲ್ಲಾ ಹಕ್ಕಿಗಳನ್ನೂ ಬರೆದಿದ್ದೀರಾ? ಕಾಗೆ, ಪಾರಿವಾಳ, ಗೊರವಂಕಗಳನ್ನು ಬಿಟ್ಟು ಚೆಂದದ್ದನ್ನು ಮಾತ್ರ ಬರೆದರೆ ಇದಕ್ಕೆ ಹೌದು ಅನ್ನೋಕಾಗಲ್ಲ. ಎಲ್ಲವನ್ನೂ ಬರೆದ ಪಟ್ಟಿಗೇ ಬೆಲೆ ಜಾಸ್ತಿ, ಏಕೆಂದರೆ ಅದರಲ್ಲಿ ಯಾವುದು ಇತ್ತು ಅನ್ನೋದರ ಜೊತೆಗೆ ಯಾವುದು ಕಾಣಲಿಲ್ಲ ಅನ್ನೋದೂ ಗೊತ್ತಾಗುತ್ತದೆ. ಹೀಗೆ ಜನ ಬರೆದ ಪಟ್ಟಿಗಳಿಂದಲೇ 2023ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ಬಂತು, ಅದರಲ್ಲಿ 942 ಬಗೆಯ ಹಕ್ಕಿಗಳನ್ನು ಪರಿಶೀಲಿಸಿ 178ಕ್ಕೆ ಬೇಗ ಗಮನ ಕೊಡಬೇಕು ಅಂತ ಗುರುತಿಸಿದ್ದಾರೆ.

ಹಕ್ಕಿ ಗೊತ್ತಿಲ್ಲದವರಿಗೆ ಮರ್ಲಿನ್ ಅನ್ನೋ ಆ್ಯಪ್ ಕೂಗು ಕೇಳಿಸಿಕೊಂಡು ಹೆಸರು ಸೂಚಿಸುತ್ತದೆ. ಅದು ಹೇಳಿದ್ದನ್ನೆಲ್ಲ ಹಾಗೇ ಪಟ್ಟಿಗೆ ಹಾಕಬೇಡಿ. ಭೀಮರಾಜನಂಥ ಹಕ್ಕಿ ಬೇರೆ ಹಕ್ಕಿಗಳ ಕೂಗನ್ನು ಅನುಕರಿಸುತ್ತದೆ. ನೀವೇ ಕಂಡದ್ದು, ಕೇಳಿ ಗುರುತು ಹಿಡಿದದ್ದು ಮಾತ್ರ ಬರೆಯಿರಿ. ಜಾಗ ಹಾಕುವಾಗ ಮನೆ ಬದಲು ಕೆರೆ, ಪಾರ್ಕಿನಂಥ ಸಾರ್ವಜನಿಕ ಜಾಗ ಆರಿಸಿಕೊಳ್ಳಿ. ನನ್ನ ಲೆಕ್ಕದಲ್ಲಿ ಮನಸ್ಸಿಗೆ ಅತಿ ಹೆಚ್ಚು ನೆಮ್ಮದಿ ಕೊಟ್ಟದ್ದು ಇದೇ. ಆದರೆ ಬೆಳಗಿನ ಹೊತ್ತು ಬೇಕು, ಒಂಚೂರು ಹಸಿರು ಬೇಕು. ಬಸ್‌ಸ್ಟ್ಯಾಂಡಿನ ಹತ್ತು ನಿಮಿಷಕ್ಕೆ ಇದು ಹೊಂದುವುದಿಲ್ಲ. ಅಷ್ಟೂ ಪುರುಸೊತ್ತಿಲ್ಲದವರು ಸೀಸನ್‌ವಾಚ್ ನೋಡಿ: ಮನೆ ಹತ್ತಿರದ ಒಂದು ಹೊಂಗೆಯನ್ನೋ ಹುಣಸೆಯನ್ನೋ ಗೊತ್ತು ಮಾಡಿಕೊಂಡು, ವಾರಕ್ಕೊಮ್ಮೆ ಅದರಲ್ಲಿ ಎಲೆ, ಹೂ, ಕಾಯಿ ಇಲ್ಲವೋ, ಸ್ವಲ್ಪ ಇದೆಯೋ, ತುಂಬಾ ಇದೆಯೋ ಅಂತ ದಾಖಲಿಸೋದು, ಅಷ್ಟೇ.

ಭಾಷಾದಾನ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ ಭಾಷಿಣಿ ಯೋಜನೆಯದು. ಪರದೆ ಮೇಲಿನ ವಾಕ್ಯ ಓದಿ ದನಿ ಕೊಡೋದು, ಕೇಳಿದ್ದನ್ನು ಟೈಪ್ ಮಾಡೋದು, ಅನುವಾದ ಮಾಡೋದು, ಚಿತ್ರದಲ್ಲಿರೋ ಅಕ್ಷರವನ್ನು ಬರೆಯೋದು ಹೀಗೆ ನಾಲ್ಕು ಬಗೆ. ಉದ್ದೇಶ ನನಗೆ ಪೂರ್ತಿ ಒಪ್ಪಿಗೆ. ಕಂಪ್ಯೂಟರಿಗೆ ಕಲಬುರಗಿ ಕನ್ನಡ, ಕುಂದಾಪುರದ ಕನ್ನಡ, ಚಾಮರಾಜನಗರದ ಕನ್ನಡ ಎಲ್ಲ ಅರ್ಥವಾಗಬೇಕಾದರೆ ಅಲ್ಲಿನವರ ದನಿ ಅದಕ್ಕೆ ಸಿಗಲೇಬೇಕು. ಆದ್ದರಿಂದ ನಮ್ಮ ಕಡೆಯವರಿಗಿಂತ ಆ ಕಡೆಯವರು ಇದನ್ನು ಮಾಡಿದರೆ ಉಪಯೋಗ ಜಾಸ್ತಿ ಅನ್ನೋದು ನನ್ನ ಅಭಿಪ್ರಾಯ. ಒಂದು ವಾಕ್ಯಕ್ಕೆ ಕೆಲವು ಸೆಕೆಂಡು ಸಾಕು, ಆದರೆ ಸದ್ದಿಲ್ಲದ ಕೋಣೆ ಬೇಕು. ದನಿ ಅನ್ನೋದು ನಮ್ಮ ಗುರುತು ಕೂಡ, ಕೊಟ್ಟ ಮೇಲೆ ವಾಪಸ್ ತಗೊಳ್ಳೋದು ಕಷ್ಟ, ಹಾಗಾಗಿ ಷರತ್ತುಗಳನ್ನು ಓದಿ ಕೊಡಿ. ಮಕ್ಕಳ ಕೈಯಲ್ಲಿ ನಾನಂತೂ ಮಾಡಿಸುವುದಿಲ್ಲ.

ಬಿ ಮೈ ಐಸ್ ಬೇರೆಯೇ ಥರ. 2015ರಲ್ಲಿ ಡೆನ್ಮಾರ್ಕಿನಲ್ಲಿ ಶುರುವಾದದ್ದು. ಕಣ್ಣು ಕಾಣದವರು ವಿಡಿಯೋ ಕಾಲ್ ಮಾಡುತ್ತಾರೆ, ಹಲವು ಸ್ವಯಂಸೇವಕರ ಫೋನು ಒಟ್ಟಿಗೆ ರಿಂಗಾಗುತ್ತದೆ, ಮೊದಲು ಎತ್ತಿದವರು ಅವರ ಕ್ಯಾಮೆರಾ ತೋರಿಸುವುದನ್ನು ನೋಡಿ ಹೇಳುತ್ತಾರೆ. ಈ ಪೊಟ್ಟಣದ ಮೇಲಿನ ತಾರೀಖು ಏನು, ಈ ಅಂಗಿ ಯಾವ ಬಣ್ಣ, ಇಂಥದ್ದು. ಮಾತಾಡೋಕೆ ಒಂದು ರೀತಿ ಇದೆ. ಅಲ್ಲಿ, ಇಲ್ಲಿ ಅಂದರೆ ಪ್ರಯೋಜನ ಇಲ್ಲ. ಫೋನನ್ನು ಸ್ವಲ್ಪ ಮೇಲಕ್ಕೆ ಎತ್ತಿ, ಈಗ ನಿಮ್ಮ ಎಡಗಡೆಗೆ ನಾಲ್ಕು ಬೆರಳಷ್ಟು ಸರಿಸಿ, ಹಾಗೇ ಇರಿ, ಹೀಗೆ ಹೇಳಬೇಕು. ಐದರಲ್ಲಿ ಮನುಷ್ಯರಿಗೆ ಅತಿ ಹತ್ತಿರ ಒಯ್ಯುವ ಕೆಲಸ ಇದೇ, ಕರೆ ಮುಗಿದರೆ ಕೆಲಸವೂ ಮುಗೀತು. ಆದರೆ ಪುರುಸೊತ್ತು ಇದ್ದಾಗ ಮಾಡೋಣ ಅಂದುಕೊಂಡರೆ ಆಗಲ್ಲ, ಏಕೆಂದರೆ ಕರೆ ಬರೋದು ಅವರಿಗೆ ಬೇಕಾದಾಗ. ಕೇಳುವವರಿಗಿಂತ ಸ್ವಯಂಸೇವಕರು ಎಷ್ಟೋ ಪಟ್ಟು ಜಾಸ್ತಿ ಇರೋದರಿಂದ ಬರೋದೂ ಅಪರೂಪ. ಅದು ಸಂತೋಷದ ವಿಷಯವೇ ತಾನೇ. ಹಾಕಿಕೊಂಡು ಬಿಟ್ಟುಬಿಡಿ. ನೋಟಿಫಿಕೇಶನ್ ಎಲ್ಲ ಆಫ್ ಮಾಡುವಾಗ ಇದೊಂದನ್ನು ಮಾತ್ರ ಆನ್ ಇಡಿ.

ಈಗ ವಿಕಿಸೋರ್ಸ್. ನನ್ನ ಮಟ್ಟಿಗೆ ಮೊದಲ ಸ್ಥಾನ ಇದಕ್ಕೇ, ಆದ್ದರಿಂದ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಭಾರತದಲ್ಲಿ ಲೇಖಕರು ತೀರಿಕೊಂಡು 60 ವರ್ಷ ಕಳೆದ ಮೇಲೆ ಅವರ ಪುಸ್ತಕ ಎಲ್ಲರದ್ದಾಗುತ್ತದೆ. ಅಂಥ ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನು ನೆಟ್‌ನಲ್ಲಿ ಬೇಕಾದಷ್ಟಿವೆ. ಆದರೆ ಸ್ಕ್ಯಾನ್ ಅಂದರೆ ಬರೀ ಚಿತ್ರ. ಅದರೊಳಗಿನ ಒಂದು ಪದ ಹುಡುಕಿದರೆ ಸಿಗಲ್ಲ. ಪರದೆ ಮೇಲಿನ ಅಕ್ಷರವನ್ನು ಗಟ್ಟಿಯಾಗಿ ಓದಿ ಹೇಳುವ, ಕಣ್ಣು ಕಾಣದವರ ಫೋನಿನಲ್ಲಿರುವ ಸ್ಕ್ರೀನ್ ರೀಡರ್‌ಗೆ ಅಲ್ಲಿ ಓದೋಕೆ ಏನೂ ಇಲ್ಲ. ಅದೇ ಪುಟ ಯೂನಿಕೋಡ್ ಅಕ್ಷರವಾದರೆ, ಅಂದರೆ ಫೋನು, ಕಂಪ್ಯೂಟರ್ ಗುರುತಿಸುವ ಟೈಪ್ ಮಾಡಿದ ಅಕ್ಷರವಾದರೆ, ಹುಡುಕಿದರೆ ಸಿಗುತ್ತದೆ, ದೊಡ್ಡದು ಮಾಡಿ ಓದಬಹುದು, ಕೇಳಬಹುದು. ವಿಕಿಸೋರ್ಸ್‌ನಲ್ಲಿ ಆಗೋದು ಈ ಕೆಲಸ. ಮೈಸೂರು ವಿಶ್ವವಿದ್ಯಾನಿಲಯ ಹದಿನಾಲ್ಕು ಸಂಪುಟಗಳ ಕನ್ನಡ ವಿಶ್ವಕೋಶವನ್ನು ಮುಕ್ತ ಪರವಾನಗಿಗೆ ಬಿಟ್ಟುಕೊಟ್ಟಿದ್ದರಿಂದ ಅದರ ಬರಹಗಳೂ ಅಲ್ಲಿಗೆ ಬಂದಿವೆ.

ಒಂದು ಕಡೆ ಪುಟದ ಚಿತ್ರ, ಇನ್ನೊಂದು ಕಡೆ ಯಂತ್ರ ಓದಿ ಟೈಪ್ ಮಾಡಿದ ಅಕ್ಷರ. ಎರಡನ್ನೂ ನೋಡುತ್ತಾ ತಪ್ಪು ತಿದ್ದಬೇಕು. ಯಂತ್ರ ಎಡವುವ ಜಾಗಗಳು ಬೇಗ ಗೊತ್ತಾಗುತ್ತವೆ. ಪ ಇದ್ದಲ್ಲಿ ವ, ಧ ಇದ್ದಲ್ಲಿ ದ, ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿ. ಈ ಕೊನೆಯದು ಕಣ್ಣಿಗೆ ಒಂದೇ ಥರ ಕಾಣುತ್ತದೆ, ಆದರೆ ಹುಡುಕಿದಾಗ ಪದ ಸಿಗಲ್ಲ. ಒತ್ತಕ್ಷರ ಮಾಯವಾಗಿರುತ್ತದೆ, ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಹೋಗಿ ಕೂತಿರುತ್ತದೆ. ಸಾಲಿನ ಕೊನೆಯಲ್ಲಿ ಮುರಿದ ಪದ ಸೇರಿಸಬೇಕು. ಇದಕ್ಕಿಂತ ಮುಖ್ಯವಾದದ್ದು, ತಿದ್ದಬಾರದ್ದನ್ನು ತಿದ್ದದೆ ಇರೋದು. ಧಾರವಾಡ ಕಡೆಯ ಹಳೆಯ ಅಚ್ಚಿನಲ್ಲಿ 'ಮಾಡುವದು', 'ಹೋಗುವದು' ಅಂತ ಇರುತ್ತದೆ. ಕೈ ತನ್ನಷ್ಟಕ್ಕೆ 'ಮಾಡುವುದು' ಅಂತ ಟೈಪ್ ಮಾಡಲು ಹೋಗುತ್ತದೆ. ಅಲ್ಲಿ ತಡೆದು ಪುಸ್ತಕದಲ್ಲಿ ಇದ್ದ ಹಾಗೇ ಬಿಡಬೇಕು. ಈ ತಡೆಯುವಿಕೆಯಲ್ಲೇ ನನಗೆ ಈ ಕೆಲಸದ ಅರ್ಧ ಲಾಭ ಸಿಗೋದು. ಒಂದೊಂದು ಪದವನ್ನೂ ನಿಂತು ನೋಡುವ ಅಭ್ಯಾಸ ಬರುತ್ತದೆ, ಅದೂ ಕಣ್ಣು ಓಡಿಸಿ ಓಡಿಸಿ ಅಭ್ಯಾಸವಾದ ಅದೇ ಪರದೆಯ ಮೇಲೆ.

ಪುಟ ಮುಗಿದರೆ ಮುಗೀತು. ಮುಂದಿನ ಪುಟ ತಾನಾಗಿ ತೆರೆದುಕೊಂಡು ಕರೆಯುವುದಿಲ್ಲ. ಓದಿ ತಿದ್ದಿದ ಪುಟದ ಗುರುತು ಕೆಂಪಿನಿಂದ ಹಳದಿಗೆ ಬದಲಾಗುತ್ತದೆ. ಇನ್ನೊಬ್ಬರು ಮತ್ತೆ ನೋಡಿ ಒಪ್ಪಿದರೆ ಹಸಿರು. ಹಳದಿ ಮಾಡಿದವರೇ ಹಸಿರು ಮಾಡುವಂತಿಲ್ಲ, ಎರಡನೇ ಜೊತೆ ಕಣ್ಣು ಬೇಕೇ ಬೇಕು. ಯಾರು ಅಂತ ಗೊತ್ತಿಲ್ಲದ ಒಬ್ಬರು ನಾನು ಬಿಟ್ಟ ಒಂದು ದೀರ್ಘವನ್ನು ಸರಿ ಮಾಡಿ ಹಸಿರು ಮಾಡಿದ್ದು ಕಂಡಾಗ ಆಗುವ ಖುಷಿ ಲೈಕ್‌ಗಳಿಂದ ನನಗೆ ಯಾವತ್ತೂ ಆಗಿಲ್ಲ.

ಇದರ ದೊಡ್ಡ ಕೊರತೆ, ಫೋನಿನ ಚಿಕ್ಕ ಪರದೆಯಲ್ಲಿ ಕಷ್ಟ. ಚಿತ್ರ, ಅಕ್ಷರ, ಕೀಬೋರ್ಡ್ ಮೂರಕ್ಕೂ ಜಾಗ ಸಾಲುವುದಿಲ್ಲ. ಟ್ಯಾಬ್ಲೆಟ್ ಅಥವಾ ಲ್ಯಾಪ್‌ಟಾಪ್ ಬೇಕು. ಅಂದರೆ ಬಸ್ ಕಾಯುವಾಗ ಸ್ಟ್ರೀಟ್‌ಕಂಪ್ಲೀಟ್ ಗೆಲ್ಲುತ್ತದೆ, ಊಟ ಆದ ಮೇಲೆ ಮನೆಯಲ್ಲಿ ವಿಕಿಸೋರ್ಸ್. ಕೂತಲ್ಲೇ ಕೂತು ಕೆಲಸ ಮಾಡುವವರಿಗೆ, ಇಡೀ ದಿನ ಕಂಪ್ಯೂಟರ್ ಮುಂದೆ ಇರುವವರಿಗೆ ನಾನು ವಿಕಿಸೋರ್ಸ್ ಹೇಳುವುದಿಲ್ಲ, ಅವರು ಎದ್ದು ಕೆರೆ ಕಡೆ ಹೋಗಿ ಹಕ್ಕಿ ಎಣಿಸಲಿ. ನಿವೃತ್ತರಾದ ಮೇಷ್ಟ್ರುಗಳು, ವಿದೇಶದಲ್ಲಿದ್ದು ಕನ್ನಡ ಓದೋಕೆ ಹಂಬಲಿಸುವವರು, ಇವರಿಗೆ ಮಾತ್ರ ಕಣ್ಣುಮುಚ್ಚಿ ಇದನ್ನೇ ಹೇಳುತ್ತೇನೆ. ಅವರಿಗಿರುವಷ್ಟು ತಾಳ್ಮೆ, ಪದಜ್ಞಾನ ಈ ಕೆಲಸಕ್ಕೆ ಬೇಕೇ ಬೇಕು.

ಶುರು ಮಾಡುವವರು ಖಾತೆ ತೆರೆದು ಮೊದಲು ಹಳದಿ ಪುಟಗಳನ್ನೇ ತಗೊಳ್ಳಿ. ಅಲ್ಲಿ ಬಹುಪಾಲು ತಪ್ಪು ಆಗಲೇ ಹೋಗಿರುತ್ತದೆ, ಓದುತ್ತಾ ಉಳಿದದ್ದನ್ನು ಹಿಡಿದರೆ ಸಾಕು, ಹೇಗೆ ತಿದ್ದಿದ್ದಾರೆ ಅನ್ನೋದೂ ಗೊತ್ತಾಗುತ್ತದೆ. ನಾಲ್ಕಾರು ಪುಟ ಆದ ಮೇಲೆ ಕೆಂಪಿಗೆ ಹೋಗಿ. ಕವಿತೆ, ಕೋಷ್ಟಕ ಇರುವ ಪುಟ ಆಮೇಲಿಗಿರಲಿ, ಗದ್ಯದಿಂದ ಶುರು ಮಾಡಿ.