ಅದೇ ಬೇಲಿ, ಅದೇ ಪ್ಲಟೂನ್: ಬೋಲ್ಟ್ ಆಕ್ಷನ್ ಮತ್ತು ಚೈನ್ ಆಫ್ ಕಮಾಂಡ್

ಬೋಲ್ಟ್ ಆಕ್ಷನ್ ಅಂದರೆ ಪುಟ್ಟ ಸೈನಿಕ ಗೊಂಬೆ, ದಾಳ, ಅಳತೆ ಟೇಪ್ ಇಟ್ಟುಕೊಂಡು ಟೇಬಲ್ ಮೇಲೆ ಆಡುವ ಎರಡನೇ ಮಹಾಯುದ್ಧದ ಆಟ. ಅದನ್ನು ಆಡಿ ಆಡಿ ನನಗೂ ನಮ್ಮ ಭಾವನಿಗೂ ಕೈ ಪಳಗಿಹೋಗಿದೆ. ಭಾನುವಾರ ಊಟ ಮುಗಿಸಿ ಡೈನಿಂಗ್ ಟೇಬಲ್ ಮೇಲೆ 6 ಅಡಿ ಉದ್ದ, 4 ಅಡಿ ಅಗಲದ ಪ್ಲೈವುಡ್ ಹಾಕಿಕೊಂಡು ಕೂತರೆ, ಕಾಫಿ ಹೊತ್ತಿಗೆ ಫ್ರಾನ್ಸಿನ ನಾರ್ಮಂಡಿಯ ಒಂದು ಹಳ್ಳಿ ಯಾರಾದರೊಬ್ಬರ ಕೈಗೆ ಬಂದಿರುತ್ತದೆ. ಈ ಸಲ ಅದೇ ಥರದ ಇನ್ನೊಂದು ಆಟ, ಚೈನ್ ಆಫ್ ಕಮಾಂಡ್ ಆಡೋಣ ಅಂತ ನಾನೇ ಹಟ ಹಿಡಿದೆ. ಅದು 2013ರ ಆಟ. ಲೋಕಕ್ಕೆ ಹಳೇದು, ನಮಗೆ ಹೊಸದು.

ಹೋಲಿಸಬೇಕು ಅಂದರೆ ಯುದ್ಧ ಒಂದೇ ಇರಬೇಕಲ್ವಾ? ಹಾಗಾಗಿ ಒಂದೇ ಕಥೆ ಇಟ್ಟುಕೊಂಡೆವು. 1944, ಬ್ರಿಟಿಷ್ ಪ್ಲಟೂನ್ ನನ್ನದು, ಜರ್ಮನ್ ಪ್ಲಟೂನ್ ಭಾವನದು, ನಡುವೆ ಒಂದು ತೋಟದ ಮನೆ. ಬೇಲಿಗಳು ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್ ಕತ್ತರಿಸಿ ಮಾಡಿದ್ದು, ಮನೆ ಸ್ವೀಟ್ ಬಾಕ್ಸಿನ ರಟ್ಟಿನದು, ಸೈನಿಕರು 1/72 ಅಳತೆಯ ಪ್ಲಾಸ್ಟಿಕ್ ಗೊಂಬೆಗಳು. ಪ್ಲಟೂನ್ ಅಂದರೆ ಮೂವತ್ತು ಚಿಲ್ಲರೆ ಜನ, ಮೂರು ಸೆಕ್ಷನ್, ಮೇಲೊಬ್ಬ ಲೆಫ್ಟಿನೆಂಟ್.

ಮೊದಲ ಭಾನುವಾರ ಬೋಲ್ಟ್ ಆಕ್ಷನ್, ನಮ್ಮ ಹತ್ತಿರ ಇರುವ ಎರಡನೇ ಆವೃತ್ತಿ. ಪ್ರತಿ ತುಕಡಿಗೂ ಒಂದು ದಾಳ. ಇಬ್ಬರ ದಾಳಗಳೂ ಒಂದೇ ಚೀಲಕ್ಕೆ ಹೋಗುತ್ತವೆ. ನಮ್ಮ ಮನೆಯಲ್ಲಿ ಆ ಚೀಲ ಅಂದರೆ ಮಗನ ಹಳೇ ಸ್ಕೂಲ್ ಸಾಕ್ಸ್, ಒಗೆದದ್ದೇ, ನಗಬೇಡಿ. ತಂಬೋಲಾದಲ್ಲಿ ನಂಬರ್ ಎತ್ತುವ ಹಾಗೆ ಒಂದೊಂದೇ ದಾಳ ಎತ್ತಬೇಕು, ಯಾರ ಬಣ್ಣ ಬಂತೋ ಅವರು ತಮ್ಮ ಒಂದು ತುಕಡಿಗೆ ಆಜ್ಞೆ ಕೊಡಬೇಕು. ಆಜ್ಞೆ ಆರು ಥರ: ಹೊಡಿ, ಮುಂದೆ ಹೋಗಿ ಹೊಡಿ, ಓಡು, ಹೊಂಚು ಹಾಕು, ಸಾವರಿಸಿಕೋ, ಮಲಗು. ಅಷ್ಟೇ. ಗುಂಡು ತಗುಲಿದ ತುಕಡಿಗೆ ಪಿನ್ ಬೀಳುತ್ತದೆ (ನಾವು ಹುಣಸೆ ಬೀಜ ಇಡುತ್ತೇವೆ), ಪಿನ್ ಜಾಸ್ತಿ ಆದಷ್ಟೂ ಅವರು ಮಾತು ಕೇಳುವುದು ಕಮ್ಮಿ. ಎಂಥವರಿಗೂ ಅರ್ಧ ಗಂಟೆಯಲ್ಲಿ ಬರುತ್ತದೆ. ಆರು ಸುತ್ತು ಮುಗಿಯುವುದಕ್ಕೆ ನಮಗೆ ಎರಡು ಗಂಟೆ ಸಾಕಾಯಿತು. ತೋಟದ ಮನೆ ನನ್ನದಾಯಿತು. ಸಾಕ್ಸಿನೊಳಗೆ ಕೈ ಹಾಕುವಾಗ ಇಬ್ಬರೂ ಉಸಿರು ಬಿಗಿ ಹಿಡಿದಿರುತ್ತೇವಲ್ಲ, ಆ ಮಜಾ ಬೇರೆ ಆಟದಲ್ಲಿ ನಾನು ಕಂಡಿಲ್ಲ.

ಆದರೆ ಎರಡು ವಿಷಯ ನನಗೆ ಮೊದಲಿನಿಂದಲೂ ಚುಚ್ಚುತ್ತವೆ. ರೈಫಲ್ ಗುಂಡು 24 ಇಂಚಿಗೆ ನಿಂತುಬಿಡುತ್ತದೆ. ನಮ್ಮ ಗೊಂಬೆಗಳ ಅಳತೆಯಲ್ಲಿ ಲೆಕ್ಕ ಹಾಕಿದರೆ ಅದು ಸುಮಾರು 44 ಮೀಟರ್, ಬೀದಿಯ ಈ ತುದಿಯಿಂದ ಆ ತುದಿಗೂ ಸಾಲದು! ಇನ್ನೊಂದು, ಚೀಲದಲ್ಲಿ ದಾಳ ಜಾಸ್ತಿ ಇದ್ದವನಿಗೇ ಲಾಭ. ಅದಕ್ಕೆ ಭಾವ ಸುಮ್ನೆ ಒಬ್ಬ ಸ್ನೈಪರ್, ಒಬ್ಬ ಮೆಡಿಕ್, ಒಂದು ಪುಟ್ಟ ಮಾರ್ಟರ್ ಅಂತ ಚಿಲ್ಲರೆ ತುಕಡಿಗಳನ್ನು ತುಂಬಿಸುತ್ತಾರೆ. ಕೇಳಿದರೆ “ರೂಲ್ಸ್‌ನಲ್ಲಿ ಇದೆಯಲ್ಲೋ” ಅನ್ನುತ್ತಾರೆ. ಇದೆ, ಇಲ್ಲ ಅನ್ನಲ್ಲ.

ಮುಂದಿನ ಭಾನುವಾರ ಚೈನ್ ಆಫ್ ಕಮಾಂಡ್, ಮೊದಲನೇ ಆವೃತ್ತಿ. ಇಲ್ಲಿ ಶುರುವಿನಲ್ಲಿ ಟೇಬಲ್ ಖಾಲಿ, ಒಂದು ಗೊಂಬೆಯೂ ಇಲ್ಲ. ಇಬ್ಬರಿಗೂ ನಾಲ್ಕು ನಾಲ್ಕು ಗಸ್ತು ಬಿಲ್ಲೆ. ನಾವು ಕ್ಯಾರಂ ಕಾಯಿ ತಗೊಂಡೆವು, ನನಗೆ ಬಿಳಿ, ಅವರಿಗೆ ಕಪ್ಪು. ಸರದಿಯಂತೆ ಒಂದೊಂದನ್ನೇ 12 ಇಂಚಿನವರೆಗೆ ಸರಿಸಬಹುದು, ಆದರೆ ನಿಮ್ಮ ಕಾಯಿಗಳು ಒಂದಕ್ಕೊಂದು 12 ಇಂಚಿನೊಳಗೆ ಸರಪಳಿಯ ಹಾಗೆ ಇರಬೇಕು. ಎದುರಾಳಿ ಕಾಯಿಗೆ 12 ಇಂಚು ಹತ್ತಿರ ಬಂತೋ, ಎರಡೂ ಅಲ್ಲೇ ಜಾಮ್. ಒಬ್ಬರ ಕಾಯಿಗಳೆಲ್ಲ ಜಾಮ್ ಆದರೆ ಗಸ್ತು ಮುಗಿಯಿತು, ಆಮೇಲೆ ಕಾಯಿಗಳ ಹಿಂದೆ, ಮರೆ ಇರುವ ಕಡೆ, ನಿಮ್ಮ ಜನ ಹೊರಬರುವ ಜಾಗಗಳನ್ನು ಗುರುತು ಮಾಡಬೇಕು. ಓದುವಾಗ ಇದೇನು ಮಕ್ಕಳಾಟ ಅನ್ನಿಸಿತ್ತು. ಭಾವ ಏನು ಮಾಡಿದರು ಗೊತ್ತಾ, ಮೊದಲ ಎರಡು ಸರದಿಯಲ್ಲೇ ಒಂದು ಕಪ್ಪು ಕಾಯಿಯನ್ನು ಸೀದಾ ತಂದು ನನ್ನ ಎಡಗಡೆಯ ಕಾಯಿಯನ್ನು ಕಟ್ಟಿಹಾಕಿದರು. ನಾನು ಬಲಗಡೆ ಬೇಲಿಯಿಂದ ಬೇಲಿಗೆ ಖುಷಿಯಾಗಿ ಹೋಗುತ್ತಿದ್ದೆ. ಕೊನೆಗೆ ನೋಡಿದರೆ ತೋಟದ ಮನೆಗೆ ಹೋಗುವ ಒಳ್ಳೇ ದಾರಿಯೆಲ್ಲ ಅವರ ಕಣ್ಣ ಮುಂದೆ. ಒಂದು ಗುಂಡೂ ಹಾರಿರಲಿಲ್ಲ, ನಾನು ಅರ್ಧ ಸೋತಿದ್ದೆ.

ಆಮೇಲೆ ದಾಳ. ಸಾಧಾರಣ ಪ್ಲಟೂನಿಗೆ ಒಂದು ಸಲಕ್ಕೆ 5 ದಾಳ. ಒಂದು ಬಿದ್ದರೆ ಸಣ್ಣ ಟೀಮ್ ಒಂದನ್ನು ಆಡಿಸಬಹುದು, ಎರಡಕ್ಕೆ ಇಡೀ ಸೆಕ್ಷನ್, ಮೂರಕ್ಕೆ ಕಾರ್ಪೊರಲ್ ಥರದ ಕಿರಿಯ ನಾಯಕ, ನಾಲ್ಕಕ್ಕೆ ಲೆಫ್ಟಿನೆಂಟ್. ಐದು ಬಿದ್ದರೆ ಅದು ಉಳಿತಾಯ. ಅಂಥವು ಆರು ಸೇರಿದರೆ ಒಂದು ಬ್ರಹ್ಮಾಸ್ತ್ರ: ಎದುರಾಳಿಯ ಆಟದ ಮಧ್ಯೆ ಬಾಯಿ ಹಾಕಬಹುದು, ಹೊಂಚಿನಿಂದ ಎರಗಬಹುದು. ಎರಡು ಆರು ಬಿದ್ದರೆ ಮತ್ತೆ ನಿಮ್ಮದೇ ಸರದಿ. ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅಮ್ಮ, “ಓ, ಚೌಕಾಬಾರದಲ್ಲಿ ಚೌಕ ಬಿದ್ದ ಹಾಗೆ” ಅಂದರು. ನಾನು ಪುಸ್ತಕ ಎರಡು ಸಲ ಓದಿದ್ದೆ, ಅಮ್ಮ ಒಂದೇ ಮಾತಲ್ಲಿ ಮುಗಿಸಿದರು.

ನನ್ನ ಮೊದಲ ಗರ: ಮೂರು ಐದು, ಒಂದು ಆರು, ಒಂದು ಒಂದು. ಅಂದರೆ ಇಡೀ ಪ್ಲಟೂನಿನಲ್ಲಿ ಒಂದೇ ಒಂದು ಪುಟ್ಟ ಟೀಮ್ ಅಲ್ಲಾಡಬಹುದು. ಲೆಫ್ಟಿನೆಂಟ್ ಎಲ್ಲಿದ್ದಾನೋ ಅವನಿಗೇ ಗೊತ್ತು. ಸಿಟ್ಟು ಬಂತು, ಸುಳ್ಳು ಹೇಳಲ್ಲ. ಆದರೆ ಸ್ವಲ್ಪ ಹೊತ್ತಾದ ಮೇಲೆ ಇದೇ ಸರಿ ಅನ್ನಿಸತೊಡಗಿತು. ನಾಯಕರಿದ್ದ ಕಡೆ ಕೆಲಸ ಆಗುತ್ತಿತ್ತು, ಇಲ್ಲದ ಕಡೆ ಜನ ಬೇಲಿ ಹಿಂದೆ ತಲೆ ತಗ್ಗಿಸಿ ಕೂತಿದ್ದರು. ನಡೆಯುವ ದೂರವೂ ದಾಳದ್ದೇ. ಬಯಲು ದಾಟಿಬಿಡುತ್ತೇನೆ ಅಂತ ಎರಡು ದಾಳ ಉರುಳಿಸಿದೆ, ಬಿದ್ದದ್ದು ಮೂರು. ನಡು ಬಯಲಲ್ಲಿ ನಿಂತ ಹತ್ತು ಜನರ ಮೇಲೆ ಭಾವ ಜರ್ಮನ್ ಮೆಷಿನ್ ಗನ್ ಎಂಜಿ42 ತೆರೆದರು. ಅದಕ್ಕೆ ಇಲ್ಲಿ 8 ದಾಳ, ನನ್ನ ಬ್ರಿಟಿಷ್ ಮೆಷಿನ್ ಗನ್ ಬ್ರೆನ್‌ಗೆ 6. ದೂರದ ಗಡಿಯೂ ಇಲ್ಲ, ಕಣ್ಣಿಗೆ ಕಂಡರೆ ಗುಂಡು ಮುಟ್ಟುತ್ತದೆ. ಇಬ್ಬರು ಸತ್ತರು, ಉಳಿದವರ ಪಕ್ಕ ಶಾಕ್ (ಗುಂಡಿನ ಹೆದರಿಕೆ) ಲೆಕ್ಕಕ್ಕೆ ಕಡಲೆಬೇಳೆ ಗುಡ್ಡೆ ಬಿತ್ತು. ಬೇಳೆ ತಲೆಗಳಿಗಿಂತ ಜಾಸ್ತಿ ಆದರೆ ಅವರು ಅಲ್ಲೇ ಅಂಟಿಕೊಳ್ಳುತ್ತಾರೆ, ಎರಡರಷ್ಟಾದರೆ ಓಟ. ನನ್ನವರು ಓಡಿದರು. ಕೊನೆಯಲ್ಲಿ ಟೇಬಲ್ ಮೇಲೆ ನನ್ನ ಇಪ್ಪತ್ತು ಜನ ಬದುಕಿದ್ದರೂ ಪ್ಲಟೂನಿನ ಮನೋಬಲ ಸೊನ್ನೆಗೆ ಬಂದು ಆಟ ಮುಗಿಯಿತು. ಬೋಲ್ಟ್ ಆಕ್ಷನ್ ಆಗಿದ್ದರೆ ಆ ಇಪ್ಪತ್ತೂ ಜನರನ್ನು ನಾನು ಕೊನೇ ಸುತ್ತಿನವರೆಗೆ ಸಾಯಿಸುತ್ತಿದ್ದೆ.

ತೊಂದರೆ ಇಲ್ಲವೇ ಅಂದರೆ, ಇದೆ. ಸರದಿ ಬೇರೆ, ಸುತ್ತು ಬೇರೆ, ಹಲವು ಸರದಿ ಸೇರಿ ಒಂದು ಸುತ್ತು. ಸುತ್ತು ಯಾವಾಗ ಮುಗಿಯುತ್ತದೆ ಅಂತ ಮೊದಲೇ ಹೇಳುವ ಹಾಗಿಲ್ಲ, ಹೊಗೆ ಬಾಂಬಿನ ಹೊಗೆ ಅಲ್ಲಿಯವರೆಗೂ ಹೋಗುವುದಿಲ್ಲ. ಇದು ತಲೆಗೆ ಹತ್ತುವಷ್ಟರಲ್ಲಿ ಸಂಜೆ ಆಗಿತ್ತು. ನಾಲ್ಕು ಗಂಟೆ ಹಿಡಿಯಿತು. ಭಾವ ಗೆದ್ದೂ ಗೊಣಗಿದರು. “ಅರ್ಧ ಹೊತ್ತು ಪುಸ್ತಕ ಓದಿದ್ದೇ ಆಯ್ತಲ್ಲೋ” ಅಂತ. “ಭಾವ, ಮುಂದಿನ ಸಲ ನೀವೇ ಓದಿಕೊಂಡು ಬನ್ನಿ” ಅಂದೆ.

ಮಧ್ಯೆ ಒಂದು ಸಂಜೆ ಕ್ರಾಸ್‌ಫೈರ್ ಅನ್ನೋ ಇಂಥದ್ದೇ ಇನ್ನೊಂದು ಆಟ ಕೂಡ ನೋಡಿದೆವು, 1996ರದ್ದು. ಅಳತೆ ಟೇಪೇ ಬೇಡ, ಎದುರಾಳಿ ತಡೆಯುವವರೆಗೂ ನೀವು ನಡೆಸುತ್ತಲೇ ಇರಬಹುದು. ಆದರೆ ಅದು ಕಂಪನಿ ಮಟ್ಟದ್ದು, ಅಂದರೆ ಕೆಲವು ಪ್ಲಟೂನ್ ಸೇರಿದ ಪಡೆಯದ್ದು, ಟೇಬಲ್ ತುಂಬ ಬೇಲಿ, ಮನೆ, ಮರ ಬೇಕು. ನಮ್ಮ ಹತ್ತಿರ ಅಷ್ಟು ಸ್ಕ್ರಬ್ಬರ್ ಇಲ್ಲ.

ಹೊಸದಾಗಿ ಶುರು ಮಾಡುವವರು, ಮನೆಯ ಮಕ್ಕಳನ್ನೂ ಕೂರಿಸಿಕೊಳ್ಳುವವರು ಬೋಲ್ಟ್ ಆಕ್ಷನ್ನೇ ತಗೊಳ್ಳಿ. ನನ್ನ ಮನಸ್ಸು ಮಾತ್ರ ಚೈನ್ ಆಫ್ ಕಮಾಂಡ್ ಕಡೆ ಹೋಗಿಬಿಟ್ಟಿದೆ, ಅದರಲ್ಲೂ ಆ ಗಸ್ತಿನ ಹತ್ತು ನಿಮಿಷಕ್ಕೆ. ಮೊನ್ನೆ ರಾತ್ರಿ ಭಾವ ಫೋನ್ ಮಾಡಿ, “ಎಡಗಡೆ ಕಾಯಿ ಬಿಟ್ಟುಕೊಟ್ಟಿದ್ದೇ ನಿನ್ನ ತಪ್ಪು, ಮತ್ತೆ ಅದನ್ನೇ ಆಡ್ತೀಯಾ?” ಅಂದರು. ಗೊಣಗಿದವರು ಇವರೇನಾ ಅಂತ ನೋಡಿದೆ. ಬರುವ ಭಾನುವಾರ ನಾನು ಜರ್ಮನ್.