ಎರಡು ವರ್ಷ ಕೋಟರ್ನ್ ಬಳಸಿದ ಮೇಲೆ: ಆ ಲಾಸ್ ಆಗಿದ್ದು ಎಲ್ಲಿ?

ಸೋಮವಾರಪೇಟೆ ಹತ್ತಿರ ನಮ್ಮ ಮನೆ. ಅಕ್ಕ ಆನ್‌ಲೈನಲ್ಲಿ ಗಣಿತದ ಟ್ಯೂಷನ್ ಮಾಡುತ್ತಾಳೆ. ಮೊಬೈಲ್ ನೆಟ್‌ವರ್ಕಿನಲ್ಲಿರುವ ಮಕ್ಕಳಿಗೆ ಎಷ್ಟೋ ಸಲ ನೇರ ಸಂಪರ್ಕ ಸಿಗುವುದಿಲ್ಲ. ಮಾತು, ಚಿತ್ರ ಎರಡನ್ನೂ ನಡುವೆ ನಿಂತು ದಾಟಿಸಲು ಬಾಡಿಗೆ ಸರ್ವರಿನಲ್ಲಿ ಕೋಟರ್ನ್ ಅನ್ನುವ ಸಾಫ್ಟ್‌ವೇರ್ ಹಾಕಿದ್ದೇನೆ. ಹಾಕುವುದು ಹೇಗೆ, ಯಾವ ಪೋರ್ಟ್ ತೆರೆಯಬೇಕು ಅನ್ನೋದೆಲ್ಲ ನಿಮಗೆ ಗೊತ್ತಿರುತ್ತದೆ. ನನ್ನ ಮಾತು ಇರುವುದು ಅದರ ಜೊತೆಗೇ ಬರುವ ಪರೀಕ್ಷೆಯ ಸಾಧನ ಯುಕ್ಲೈಂಟ್ ಬಗ್ಗೆ. ಅದು ಕೊನೆಗೆ ಒಂದು ಸಾಲು ತೋರಿಸುತ್ತದೆ: ಕಳೆದುಹೋದ ಪ್ಯಾಕೆಟ್ (ಕಳಿಸುವ ಡೇಟಾದ ಸಣ್ಣ ತುಂಡು) ಒಟ್ಟು ಇಷ್ಟು, ಶೇಕಡಾ ಇಷ್ಟು. ಇದನ್ನೇ ಲಾಸ್ ಅನ್ನುತ್ತೇನೆ.

ಆ ಸಾಲು ನಂಬಿ ₹4,050 ಕಳೆದುಕೊಂಡೆ.

ಮನೆಯಿಂದಲೇ ಯುಕ್ಲೈಂಟ್‌ನಲ್ಲಿ 150 ಕ್ಲೈಂಟ್ (ಬಳಕೆದಾರರಂತೆ ನಟಿಸುವ ಪರೀಕ್ಷೆಯ ಸಂಪರ್ಕ) ಬಿಟ್ಟು ನೋಡಿದ್ದೆ. ಲಾಸ್ ಶೇ 18 ಬಂತು. ಸರ್ವರ್‌ಗೆ ತಾಕತ್ತು ಸಾಲದು ಅಂದುಕೊಂಡು ತಿಂಗಳಿಗೆ ₹450ರದ್ದು ಬಿಟ್ಟು ₹1,800ರದ್ದು ಹಿಡಿದೆ. ಮೂರು ತಿಂಗಳು ಬಾಡಿಗೆ ಕಟ್ಟಿದರೂ ಅಂಕಿ ಅಲ್ಲಾಡಲಿಲ್ಲ. ತುಂಬಾ ಬೇಜಾರಾಯಿತು.

ಬೆಳಿಗ್ಗೆ ಬೆಲ್ಲದ ಕಾಫಿ ಕುಡಿದ ಮೇಲೆ ಅಪ್ಪನ ಮೊದಲ ಕೆಲಸ ಮಳೆ ಅಳೆಯುವುದು. ಅಂಗಳದ ಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು, ಇಂಚು-ಸೆಂಟ್ ಲೆಕ್ಕದಲ್ಲಿ ಡೈರಿಗೆ ಬರೆಯುತ್ತಾರೆ. ಅದೇ ಪುಟದ ಅಂಚಿನಲ್ಲಿ ನಾನು ನನ್ನ ಲಾಸ್ ಬರೆಯುತ್ತೇನೆ. ಜುಲೈನಲ್ಲಿ ಒಮ್ಮೆ ಎರಡು ದಿನ ನಾವು ಊರಲ್ಲಿರಲಿಲ್ಲ. ಬಂದು ನೋಡಿದರೆ ಮಾಪಕ ತುಂಬಿ ಚೆಲ್ಲಿತ್ತು. ಅಪ್ಪ ಆ ದಿನದ ಜಾಗ ಖಾಲಿ ಬಿಟ್ಟರು. "ಡಬ್ಬ ಎಷ್ಟು ಹಿಡಿಯುತ್ತೆ ಅಂತ ಗೊತ್ತಾಯ್ತು ಅಷ್ಟೇ, ಮಳೆ ಎಷ್ಟು ಅಂತ ಗೊತ್ತಾಗ್ಲಿಲ್ಲ" ಅಂದರು.

ನನ್ನ ಅಂಕಿಯೂ ಹೀಗೇ ಇರಬಹುದಾ ಅಂತ ಅವತ್ತೇ ಕೂತು ಲೆಕ್ಕ ಹಾಕಿದೆ. ನಾನು ಕೊಟ್ಟಿದ್ದು 170 ಬೈಟಿನ ಪ್ಯಾಕೆಟ್, 20 ಮಿಲಿಸೆಕೆಂಡಿಗೊಂದು. ಹೆಡರ್ (ಪ್ರತಿ ಪ್ಯಾಕೆಟ್ಟಿನ ಮೇಲಿನ ವಿಳಾಸದ ಭಾಗ) ಸೇರಿದರೆ ಒಂದು ಕ್ಲೈಂಟ್‌ಗೆ ಸೆಕೆಂಡಿಗೆ ಸುಮಾರು 80 ಕಿಲೋಬಿಟ್ (ಕೆಬಿಪಿಎಸ್). 150 ಕ್ಲೈಂಟ್‌ಗೆ ಸೆಕೆಂಡಿಗೆ 12 ಮೆಗಾಬಿಟ್ (ಎಂಬಿಪಿಎಸ್). ನಮ್ಮ ಲೈನಿನ ಅಪ್‌ಲೋಡ್ ಇರುವುದೇ 10! ಈ ಪ್ಯಾಕೆಟ್ ಹೋಗುವುದು ಯುಡಿಪಿ ಅನ್ನುವ ವಿಧಾನದಲ್ಲಿ, ಅದರಲ್ಲಿ ಬಿದ್ದುಹೋದದ್ದು ಮತ್ತೆ ಬರುವುದಿಲ್ಲ. ಸರ್ವರ್ ಮುಟ್ಟುವ ಮೊದಲೇ ಅವು ಹೋಗಿದ್ದವು.

ಮಾರನೇ ದಿನ ಅದೇ ಡೇಟಾ ಸೆಂಟರಿನಲ್ಲಿ ಗಂಟೆ ಲೆಕ್ಕದ ಇನ್ನೊಂದು ಯಂತ್ರ ತೆಗೆದುಕೊಂಡು, ಅಲ್ಲಿಂದ ₹450ರ ಸರ್ವರ್‌ಗೇ 150 ಬಿಟ್ಟೆ. ಲಾಸ್ ಸೊನ್ನೆ. 500ಕ್ಕೆ ಏರಿಸಿದಾಗ ಶೇ 2 ಬಂತು. ಈ ಸಲ ಗಾಬರಿಯಾಗದೆ ಎರಡೂ ಯಂತ್ರದಲ್ಲಿ ನೆಟ್‌ಸ್ಟಾಟ್ (ನೆಟ್‌ವರ್ಕಿನ ಲೆಕ್ಕ ತೋರಿಸುವ ಆದೇಶ) ನೋಡಿದೆ. ಯುಡಿಪಿಯ ರಿಸೀವ್ ಬಫರ್ ಎರರ್, ಅಂದರೆ ಬಂದ ಪ್ಯಾಕೆಟ್ ಇಡಲು ಜಾಗವಿಲ್ಲದೆ ಬಿದ್ದುಹೋದ ಲೆಕ್ಕ, ಏರುತ್ತಿದ್ದದ್ದು ಪರೀಕ್ಷೆ ಮಾಡುವ ಯಂತ್ರದಲ್ಲಿ ಮಾತ್ರ. ವಾಪಸ್ ಬಂದ ಪ್ಯಾಕೆಟ್ ಓದುವಷ್ಟು ಪುರಸೊತ್ತು ಅದಕ್ಕಿರಲಿಲ್ಲ. ಕ್ಲೈಂಟ್‌ಗಳನ್ನು ಎರಡು ಯಂತ್ರಕ್ಕೆ ಹಂಚಿದ ಮೇಲೆ ಮತ್ತೆ ಸೊನ್ನೆ. ಪಾಪ, ಸರ್ವರ್ ಮೊದಲಿಂದಲೂ ಸರಿಯಾಗಿಯೇ ದುಡಿಯುತ್ತಿತ್ತು. ದುಡ್ಡಿಲ್ಲದೆ ಸಿಗುವ ಸಾಫ್ಟ್‌ವೇರ್ ಇಷ್ಟು ಗಟ್ಟಿಯಾಗಿರುವುದು ಕಂಡು ನಿಜಕ್ಕೂ ಖುಷಿಯಾಯಿತು.

ಈಗ ಮನೆಯಿಂದ ದಿನಾ ಹತ್ತೇ ಕ್ಲೈಂಟ್. ಕೇಬಲ್ ಹಾಕಿದರೆ ಸೊನ್ನೆ, ಜಗಲಿಯಲ್ಲಿ ಕೂತು ವೈಫೈ ಹಿಡಿದರೆ ಶೇ 1. ಈ ಅಂಕಿ ಸರ್ವರ್‌ದಲ್ಲ, ನಮ್ಮ ಗೋಡೆಗಳದ್ದು.

ಒಂದು ಕೊರತೆ ಮಾತ್ರ ಉಳಿದಿದೆ. ಶೇ 1 ಅಂದರೆ 3,000 ಪ್ಯಾಕೆಟ್ಟಿನಲ್ಲಿ 30. ಅವು ಚದುರಿ ಹೋದರೆ ಕಿವಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಒಂದರ ಹಿಂದೆ ಒಂದು ಹೋದರೆ 600 ಮಿಲಿಸೆಕೆಂಡ್ ಮಾತು ಮಾಯ. ಯುಕ್ಲೈಂಟ್ ಎರಡಕ್ಕೂ ಶೇ 1 ಅಂತಲೇ ತೋರಿಸುತ್ತದೆ. ಅಕ್ಕ ಪಾಠ ಹೇಳುವಾಗ "ಮೈನಸ್" ಅನ್ನುವ ಒಂದು ಪದ ಕೇಳಿಸದಿದ್ದರೆ ಸಾಕು, ಮಕ್ಕಳ ಲೆಕ್ಕವೇ ತಪ್ಪುತ್ತದೆ.